ಪುಡಿ ತಗೊಂಡ ಮೇಲೆ ಶುಗರ್ ಇಳಿಯಿತು. ಪುಡಿಯಿಂದಲೇ ಇಳಿಯಿತಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಯುಗಾದಿ ಆದ ವಾರ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಗಿಡಮೂಲಿಕೆ ಪುಡಿ ತರಿಸಿದರು. ಮೂರು ತಿಂಗಳ ಕೋರ್ಸ್, 3,600 ರೂಪಾಯಿ. ಜೊತೆಗೆ ಬಂದ ಚೀಟಿಯಲ್ಲಿ ರಾತ್ರಿ ಅನ್ನ ಬಿಡಿ, ಕಾಫಿಗೆ ಸಕ್ಕರೆ ಬೇಡ, ದಿನಾ 40 ನಿಮಿಷ ನಡೆಯಿರಿ ಅಂತ ಇದೆ. ಅದನ್ನೂ ತಪ್ಪದೆ ಮಾಡುತ್ತಿದ್ದಾರೆ. ಖಾಲಿ ಹೊಟ್ಟೆಯ ಶುಗರ್ 168 ಇದ್ದದ್ದು ಮೂರು ವಾರದಲ್ಲಿ 131ಕ್ಕೆ ಬಂದಿದೆ. ಈಗ ಮಾತ್ರೆ ನಿಲ್ಲಿಸುತ್ತೇನೆ ಅನ್ನುತ್ತಿದ್ದಾರೆ. ಡಬ್ಬಿಯ ಮೇಲೆ 'ನೂರಕ್ಕೆ ನೂರು ನೈಸರ್ಗಿಕ', 'ಸೈಡ್ ಎಫೆಕ್ಟ್ ಇಲ್ಲ', 'ಕ್ಲಿನಿಕಲಿ ಟೆಸ್ಟೆಡ್' ಅಂತ ಇದೆ, ಎಫ್‌ಎಸ್‌ಎಸ್‌ಎಐ ನಂಬರೂ ಇದೆ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರಿಗೆ ಇದರಿಂದಲೇ ವಾಸಿಯಾಯಿತಂತೆ. ನಾನು ಬೇಡ ಅಂದರೆ, 'ಇಂಗ್ಲಿಷ್ ಮಾತ್ರೆ ಕಂಪನಿಯವರೇನು ಧರ್ಮಕ್ಕೆ ಕೊಡ್ತಾರಾ?' ಅಂತ ಕೇಳುತ್ತಾರೆ. ಏನು ಹೇಳಲಿ? – ಓದುಗರು, ತಿಪಟೂರು

ಉತ್ತರ:

ಮೊದಲು ಅವಸರದ ಮಾತು. ಮಾತ್ರೆ ನಿಲ್ಲಿಸುವುದು ಬೇಡ. ಕಮ್ಮಿ ಮಾಡಬೇಕಾಗಿ ಬಂದರೂ ಅದನ್ನು ನಿಮ್ಮ ಡಾಕ್ಟರೇ ಮಾಡಲಿ. ಶುಗರ್ ನೋಯುವ ಕಾಯಿಲೆ ಅಲ್ಲ. 250 ಇದ್ದರೂ ಎಷ್ಟೋ ಜನಕ್ಕೆ 'ಆರಾಮಾಗಿದ್ದೀನಿ' ಅನ್ನಿಸುತ್ತದೆ. ಕಣ್ಣು, ಕಿಡ್ನಿ, ಕಾಲಿನ ನರ ಒಳಗೊಳಗೇ ಕೆಡುತ್ತಿರುತ್ತವೆ. ಇನ್ನೊಂದು ವಿಷಯ. ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಕಾಯಿಲೆ) ಇರುವ ಮಗು ಇದ್ದರೆ, ಪುಡಿ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ. ಅಲ್ಲಿ ಪ್ರಯೋಗ ಮಾಡುವಂತೆಯೇ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. ನಾನು ಔಷಧಶಾಸ್ತ್ರ ಪಾಠ ಮಾಡುತ್ತಿದ್ದವನು. ವಿದ್ಯಾರ್ಥಿಗಳು ಇಂಥದ್ದನ್ನು ತಂದು 'ಇದು ಒಳ್ಳೇದಾ ಸಾರ್?' ಅಂದರೆ ನಾನು ಉತ್ತರ ಹೇಳುತ್ತಿರಲಿಲ್ಲ. 'ಇದನ್ನು ತಗೊಳ್ಳದೇ ಇದ್ದಿದ್ದರೆ ಏನಾಗುತ್ತಿತ್ತು?' ಅಂತ ತಿರುಗಿ ಕೇಳುತ್ತಿದ್ದೆ. ನಿಮ್ಮ ತಂದೆಯವರ 131ಕ್ಕೂ ಅದನ್ನೇ ಕೇಳೋಣ.

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಪುಡಿ ಒಂದೇ ಬರಲಿಲ್ಲ, ಅದರ ಜೊತೆ ಒಂದು ಚೀಟಿ ಬಂತು. ಎಂಟು ವರ್ಷದಿಂದ ಡಾಕ್ಟರು ಹೇಳಿದರೂ ಬಿಡದ ರಾತ್ರಿಯ ಅನ್ನ ಈಗ ಬಿಟ್ಟಿದೆ. ಸಕ್ಕರೆ ಕಾಫಿ ನಿಂತಿದೆ. ದಿನಾ 40 ನಿಮಿಷ ನಡಿಗೆ. ಇಷ್ಟು ಮಾಡಿದರೆ ಬರೀ ಬಿಸಿನೀರು ಕುಡಿದಿದ್ದರೂ ಶುಗರ್ ಇಳಿಯುತ್ತಿತ್ತು. ಪುಡಿ ಮಾರುವವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಚೀಟಿ ಇಟ್ಟಿರುತ್ತಾರೆ. ಶುಗರ್ ಇಳಿದರೆ ಪುಡಿಗೆ ಹೆಸರು. ಇಳಿಯದಿದ್ದರೆ 'ನೀವು ಪಥ್ಯ ಸರಿಯಾಗಿ ಮಾಡಲಿಲ್ಲ'. ಹೇಗಾದರೂ ಅವರೇ ಗೆದ್ದಂತೆ.

ಎರಡನೆಯದು, ಯುಗಾದಿ. 168 ಬಂದದ್ದು ಹಬ್ಬದ ವಾರ, ಅಲ್ವಾ? ಹೋಳಿಗೆ, ಪಾಯಸ, ನೆಂಟರ ಮನೆ ಊಟ. ಶುಗರ್ ದಿನಕ್ಕೊಂದು ಥರ ಏರಿಳಿಯುತ್ತದೆ. ಅದು ಜಾಸ್ತಿ ಆಗಿರುವ ದಿನವೇ ನಮಗೆ ಗಾಬರಿ. ಗಾಬರಿಯಾದ ದಿನವೇ ಹೊಸ ಔಷಧಿ ಹುಡುಕುತ್ತೇವೆ. ತುದಿಗೆ ಹೋದ ಅಂಕಿ ತನ್ನ ಪಾಡಿಗೆ ಒಂದಿಷ್ಟು ಕೆಳಗೆ ಬರುತ್ತದೆ. ಬಂದಾಗ ಹೊಸ ಔಷಧಿಗೆ ಶಹಭಾಸ್. ಮಂಡಿ ನೋವು, ತಲೆನೋವು, ಅಲರ್ಜಿ ಎಲ್ಲದರಲ್ಲೂ ಇದೇ ಆಟ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅಂತ ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಮೂರನೆಯದು ಮೀಟರು. ಮನೆಯ ಗ್ಲುಕೋಮೀಟರ್ ಲ್ಯಾಬಿನ ಅಂಕಿಗಿಂತ ಶೇ 15ರಷ್ಟು ಆಚೀಚೆ ತೋರಿಸಿದರೂ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪಾಸು. ರಕ್ತದಲ್ಲಿ ನಿಜಕ್ಕೂ 150 ಇದ್ದರೆ ಮೀಟರು 128 ಅನ್ನಬಹುದು, 172 ಅಂತಲೂ ಅನ್ನಬಹುದು. ನಿಮ್ಮ ತಂದೆಯವರ ಎರಡೂ ಅಂಕಿ ಈ ಎರಡರ ನಡುವೆಯೇ ಇವೆ, ನೋಡಿ! ಹಾಗಂತ ಏನೂ ಇಳಿದಿಲ್ಲ ಅಂತ ಹೇಳುತ್ತಿಲ್ಲ, ಇಳಿದಿರಬಹುದು. ಆದರೆ ಎರಡೇ ಎರಡು ಅಂಕಿ ಇಟ್ಟುಕೊಂಡು ಅದನ್ನು ಹೇಳಲಾಗದು. ನಂಬಿಕೆ ಬರದಿದ್ದರೆ ನಾಳೆ ಬೆಳಿಗ್ಗೆ ಐದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಲು ಹೇಳಿ. ನಮ್ಮ ಮನೆಯಲ್ಲಿ ಹಾಗೆ ನೋಡಿದಾಗ 142, ಆಮೇಲೆ 155 ಬಂತು. ನಡುವೆ ನಾನು ಏನೂ ತಿಂದಿರಲಿಲ್ಲ. ಇನ್ನೊಂದು ಸಲ ಹಲಸಿನ ತೊಳೆ ಬಿಡಿಸಿ ಕೈ ತೊಳೆಯದೆ ಚುಚ್ಚಿಕೊಂಡೆ. ಬಂದ ಅಂಕಿ ನೋಡಿ ನಾನೇ ಹೆದರಿದೆ. ಅದು ಬೆರಳಿಗೆ ಅಂಟಿದ್ದ ಸಕ್ಕರೆ. ಸೋಪು ಹಾಕಿ ಕೈ ತೊಳೆದು, ಒರೆಸಿ, ಇನ್ನೊಂದು ಬೆರಳಿನಲ್ಲಿ ನೋಡಿದರೆ ಎಂದಿನ ಅಂಕಿ.

ಈ ಗೊಂದಲ ತಪ್ಪಿಸುವುದಕ್ಕೇ ಎಚ್‌ಬಿಎ1ಸಿ ಪರೀಕ್ಷೆ ಇರುವುದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿತು ಎನ್ನುವುದು ಈ ಅಂಕಿಯಲ್ಲಿ ಸಿಗುತ್ತದೆ. ಸುಮಾರು ಮೂರು ತಿಂಗಳ ಸರಾಸರಿ ಅನ್ನಿ. ಒಂದು ದಿನದ ಹೋಳಿಗೆಯಾಗಲಿ, ಒಂದು ದಿನದ ಉಪವಾಸವಾಗಲಿ ಇದನ್ನು ಅಲ್ಲಾಡಿಸುವುದಿಲ್ಲ. ಮೂರೇ ವಾರಕ್ಕೆ ಪುಡಿಯನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ ಅನ್ನುವುದು ಇದಕ್ಕೇ.

ಇನ್ನು ಮೇಷ್ಟ್ರು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರನ್ನು ಒಂದೇ ಮಾತು ಕೇಳಿ: 'ಸಾರ್, ಮಾತ್ರೆ ಪೂರ್ತಿ ಬಿಟ್ಟಿದ್ದೀರಾ?' 'ಇಲ್ಲಪ್ಪ, ಅದೂ ನಡೀತಾ ಇದೆ' ಅನ್ನುವ ಉತ್ತರ ನನಗೆ ಎಷ್ಟು ಸಲ ಸಿಕ್ಕಿದೆಯೋ ಲೆಕ್ಕವಿಲ್ಲ. ಇನ್ನೂ ಒಂದಿದೆ. ಅದೇ ಪುಡಿ ಕೊಂಡು, ಏನೂ ಆಗದೆ, ಡಬ್ಬಿಯನ್ನು ಅಟ್ಟಕ್ಕೆ ಹಾಕಿದವರು ನಿಮ್ಮ ಊರಲ್ಲೇ ಎಷ್ಟು ಜನ ಇದ್ದಾರೋ! ಅವರು ವಿಡಿಯೊ ಮಾಡುವುದಿಲ್ಲ, ಕಟ್ಟೆ ಮೇಲೆ ಕೂತು ಹೇಳುವುದೂ ಇಲ್ಲ. 3,600 ಹಾಳು ಮಾಡಿಕೊಂಡೆ ಅಂತ ಯಾರು ಹೇಳಿಕೊಂಡು ತಿರುಗುತ್ತಾರೆ? ಗೆದ್ದವರ ಮಾತಷ್ಟೇ ನಮ್ಮ ಕಿವಿಗೆ ಬೀಳುತ್ತದೆ.

ಈಗ ಡಬ್ಬಿಯನ್ನು ಕೈಗೆ ತಗೊಳ್ಳಿ. ಮುಂದೆ ಬರೆದದ್ದನ್ನು ಬಿಡಿ, ಹಿಂದಕ್ಕೆ ತಿರುಗಿಸಿ. ಕನ್ನಡಕ ಹಾಕಿಕೊಳ್ಳಿ, ಬೇಕಾದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಇದೆ ಅಂದಿರಿ. ನಮ್ಮ ಜನ ಅದನ್ನು ಸರ್ಕಾರದ ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ. ಅದು ಆಹಾರ ಪದಾರ್ಥ ತಯಾರಿಸಿ ಮಾರುವ ಪರವಾನಗಿ. ಉಪ್ಪಿನಕಾಯಿ ಬಾಟಲಿ ಮೇಲೂ ಇದೆ, ಚಕ್ಕುಲಿ ಪ್ಯಾಕೆಟ್ ಮೇಲೂ ಇದೆ. ಅದು ಇದೆ ಅಂದರೆ ಅರ್ಥ ಒಂದೇ: ಈ ಪುಡಿ ಕಾನೂನಿನ ಲೆಕ್ಕದಲ್ಲಿ ಆಹಾರ, ಔಷಧಿ ಅಲ್ಲ. ಹೆಲ್ತ್ ಸಪ್ಲಿಮೆಂಟ್ ಆಗಿದ್ದರೆ 'ಔಷಧವಾಗಿ ಬಳಸಲು ಅಲ್ಲ' ಎನ್ನುವ ಮಾತನ್ನು ಲೇಬಲ್ ಮೇಲೆ ಇಂಗ್ಲಿಷಿನಲ್ಲಾದರೂ ಹಾಕಲೇಬೇಕು. ಹುಡುಕಿ, ಅಂಚಿನಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ವಿಡಿಯೊದಲ್ಲಿ 'ಶುಗರ್ ಬುಡಸಮೇತ ವಾಸಿ', ಡಬ್ಬಿಯ ಹಿಂದೆ 'ಔಷಧವಲ್ಲ'. ಇದನ್ನು ನಿಮ್ಮ ತಂದೆಯವರಿಗೆ ನೀವು ವಿವರಿಸಬೇಕಿಲ್ಲ. ಅವರೇ ಓದಲಿ.

ಪರವಾನಗಿ ಆಯುಷ್‌ನದ್ದಾಗಿದ್ದರೆ ಅದು ಔಷಧಿ, ನಿಜ. ಅಲ್ಲೂ ಹಳೆಯ ಗ್ರಂಥಗಳಲ್ಲಿರುವ ಔಷಧಿ ಮಿಶ್ರಣಗಳಿಗೆ ಪರವಾನಗಿ ಕೊಡುವಾಗ ರೋಗಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳುವುದಿಲ್ಲ. ಜಿಎಂಪಿ, ಐಎಸ್‌ಒ ಮುದ್ರೆಗಳು ಕಾರ್ಖಾನೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಸಂಬಂಧಪಟ್ಟವು. ಅಡುಗೆಮನೆ ಚೊಕ್ಕಟವಾಗಿದೆ ಅಂದ ಮಾತ್ರಕ್ಕೆ ಸಾರು ಶುಗರ್ ಇಳಿಸುವುದಿಲ್ಲ.

'ಕ್ಲಿನಿಕಲಿ ಟೆಸ್ಟೆಡ್' ಅನ್ನುವುದು ಜಾಣರ ಮಾತು. ಪರೀಕ್ಷೆ ಮಾಡಿದ್ದೇವೆ ಅಂದರು, ಪಾಸಾಯಿತು ಅಂತ ಎಲ್ಲಿ ಹೇಳಿದರು? ಕೆಲವರು ಸಿಟಿಆರ್‌ಐ ನಂಬರು ಕೂಡ ಹಾಕುತ್ತಾರೆ. ಸಿಟಿಆರ್‌ಐ ಅಂದರೆ ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧ ಪ್ರಯೋಗಗಳ ದಾಖಲೆ ಪುಸ್ತಕ. 2007ರಲ್ಲಿ ಶುರುವಾಯಿತು. ಯಾರು ಬೇಕಾದರೂ ಆ ನಂಬರು ಹಾಕಿ ವಿವರ ನೋಡಬಹುದು. ಎಷ್ಟು ಜನರ ಮೇಲೆ, ಎಷ್ಟು ದಿನ, ಯಾವುದಕ್ಕೆ ಹೋಲಿಸಿ, ದುಡ್ಡು ಯಾರದ್ದು, ಎಲ್ಲ ಅಲ್ಲಿದೆ. ಅಲ್ಲಿ ಹೆಸರು ಬರೆಸುವುದು ಪರೀಕ್ಷೆಗೆ ಹಾಲ್ ಟಿಕೆಟ್ ಪಡೆದ ಹಾಗೆ. ಮಾರ್ಕ್ಸ್ ಕಾರ್ಡ್ ಬೇರೆ.

ಇನ್ನೊಂದು ಚಾಲೂ ಕೆಲಸ ಇದೆ. ಪುಡಿಯಲ್ಲಿ ಹತ್ತು ಸಾಮಗ್ರಿ ಇರುತ್ತವೆ. ಅದರಲ್ಲಿ ಒಂದರ ಸಾರವನ್ನು ಯಾರೋ ಇಲಿಗಳಿಗೆ ಕೊಟ್ಟು ನೋಡಿರುತ್ತಾರೆ. ಆ ಇಲಿಗೆ ಆದ ಲಾಭ ನಿಮ್ಮ ಡಬ್ಬಿಯ ಮೇಲೆ ಬಂದು ಕೂರುತ್ತದೆ. ಹಾಗಲಕಾಯಿಯನ್ನೇ ತಗೊಳ್ಳಿ. ಶುಗರ್‌ಗೆ ಹಾಗಲಕಾಯಿ ಅಂತ ನಮ್ಮಲ್ಲಿ ಹೇಳದ ಮನೆ ಇಲ್ಲ. ಕೊಕ್ರೇನ್ ಎನ್ನುವ ಸಂಸ್ಥೆಯವರು 2012ರಲ್ಲಿ ಮನುಷ್ಯರ ಮೇಲೆ ಸರಿಯಾಗಿ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಸಿಕ್ಕಿದ್ದು ನಾಲ್ಕು ಪ್ರಯೋಗ, 479 ಜನ. ಶುಗರ್‌ಗೆ ಇದನ್ನು ಶಿಫಾರಸು ಮಾಡುವಷ್ಟು ಆಧಾರ ಇಲ್ಲ ಅಂದರು. ಅದಕ್ಕೆ ನಾನು ಹಾಗಲಕಾಯಿ ಗೊಜ್ಜು ಬಿಟ್ಟಿಲ್ಲ. ಬೆಲ್ಲ ಮಾತ್ರ ಕಮ್ಮಿ ಹಾಕಿಸುತ್ತೇನೆ.

'ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ' ಅನ್ನುವ ಜೋಡಿ ಮಾತಿಗೆ ಬರೋಣ. ಮೈಮೇಲೆ ಯಾವ ಪರಿಣಾಮವೂ ಇಲ್ಲದ ವಸ್ತುವಿಗೆ ಮಾತ್ರ ಅಡ್ಡ ಪರಿಣಾಮ ಇರುವುದಿಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಎಲ್ಲರ ಮನೆಯಲ್ಲೂ ಕುದಿಯಿತು. 2020ರ ಕೊನೆಯಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದವರಲ್ಲಿ ಆರು ಜನರಿಗೆ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ನೋಡಿ, ಮರುವರ್ಷ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಕುಡಿದವರಿಗೆಲ್ಲ ಹಾಗಾಗುತ್ತದೆ ಅಂತಲ್ಲ. ಆದರೆ 'ಗಿಡ ತಾನೇ, ಏನಾಗುತ್ತೆ' ಅನ್ನುವ ಧೈರ್ಯಕ್ಕೆ ಆಧಾರವಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದರು. ಹೆಚ್ಚುಕಮ್ಮಿ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು.

ಇದಕ್ಕಿಂತ ನನಗೆ ಜಾಸ್ತಿ ಭಯ ಇನ್ನೊಂದರ ಮೇಲೆ. ಪುಡಿ ಕೆಲಸ ಮಾಡದೇ ಇದ್ದರೆ ದುಡ್ಡು ಹೋಯಿತು, ಬಿಡಿ. ಕೆಲಸ ಮಾಡಿದರೆ? ಅದೂ ಮೂರು ದಿನದಲ್ಲಿ, ಪವಾಡದ ಹಾಗೆ? ಆಗ ಅನುಮಾನ ಕಮ್ಮಿಯಾಗಬಾರದು, ಜಾಸ್ತಿಯಾಗಬೇಕು.

ನನ್ನ ಸೋದರತ್ತೆಗೆ ಮಂಡಿ ನೋವು. ಸಂತೆಯಲ್ಲಿ ಯಾರೋ ಕಾಗದದಲ್ಲಿ ಕಟ್ಟಿಕೊಟ್ಟ ಪುಡಿ ತಗೊಂಡರು. ನಾಲ್ಕನೇ ದಿನಕ್ಕೆ ಮೆಟ್ಟಿಲು ಹತ್ತಿದರು. ಮನೆಯವರೆಲ್ಲ ನನ್ನ ಮುಖ ನೋಡಿ ನಕ್ಕರು, 'ನಿನ್ನ ಓದಿಗಿಂತ ಇದೇ ವಾಸಿ' ಅಂತ. ಎರಡು ತಿಂಗಳು ಕಳೆದು ನೋಡಿದರೆ ಅತ್ತೆಯ ಮುಖ ಉಬ್ಬಿ ದುಂಡಗಾಗಿದೆ. ತೋಳು ಸಣ್ಣಗಾಗಿದೆ. ಮುಟ್ಟಿದ ಕಡೆ ಚರ್ಮ ನೀಲಿಗಟ್ಟುತ್ತಿದೆ. ಅಲ್ಲಿಯವರೆಗೆ ಇಲ್ಲದ ಶುಗರ್ ಬಂದಿದೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದರು, ನೋವು, ಊತ ಬೇಗ ಇಳಿಸುವ ಜೋರಾದ ಔಷಧಿ. ತಕ್ಷಣ ನಿಲ್ಲಿಸಿಬಿಡೋಣ ಅಂದರೆ ಅದೂ ಅಪಾಯ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಹೋದರೆ ದೇಹ ತಾನು ಮಾಡಿಕೊಳ್ಳುವುದನ್ನೇ ನಿಲ್ಲಿಸಿರುತ್ತದೆ. ಡಾಕ್ಟರು ಮಾತ್ರೆ ಕೊಟ್ಟು ವಾರವಾರ ಕಮ್ಮಿ ಮಾಡುತ್ತಾ ಬಿಡಿಸಬೇಕಾಯಿತು. ಕೊಟ್ಟವನು ಮತ್ತೆ ಆ ಸಂತೆಯಲ್ಲಿ ಸಿಗಲಿಲ್ಲ.

ಮಂಡಿ ಪುಡಿಗೆ ಸ್ಟೀರಾಯ್ಡ್ ಹೇಗೋ, ಶುಗರ್ ಪುಡಿಗೆ ಶುಗರ್ ಮಾತ್ರೆಯೇ ಹಾಗೆ. ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಅರೆದು ಬೆರೆಸಿದ 'ಗಿಡಮೂಲಿಕೆ' ಮಾಲು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದಲ್ಲಿ ಶುಗರ್ ಕಾಯಿಲೆಯೇ ಇಲ್ಲದ 150 ಜನ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು ಆಸ್ಪತ್ರೆ ಸೇರಿದರು. ನಾಲ್ಕು ಜನ ಸತ್ತರು. ಹುಡುಕಿದರೆ, ಗಂಡಸುತನಕ್ಕೆ ಅಂತ ಮಾರುತ್ತಿದ್ದ ನಕಲಿ ಮಾತ್ರೆ, ಗಿಡಮೂಲಿಕೆ ಮಾಲುಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಇತ್ತು. ನಿಮ್ಮ ತಂದೆಯವರು ಈಗಾಗಲೇ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದಾರೆ. ಅದೂ ಅದೇ ಗುಂಪಿನ ಮಾತ್ರೆ. ಪುಡಿಯಲ್ಲೂ ಅಂಥದ್ದಿದ್ದರೆ ಎರಡು ಪಾಲು ಆಯಿತು, ಮೇಲೆ ರಾತ್ರಿ ಊಟವೂ ಕಮ್ಮಿ. ಬೆಳಗಿನ ಜಾವ ಬೆವರು, ಕೈನಡುಕ, ತಡಬಡ ಮಾತು, ಮಂಕು ಕಂಡರೆ ಮೊದಲು ಸಕ್ಕರೆ ನೀರು ಕುಡಿಸಿ, ಆಮೇಲೆ ಮೀಟರು ತೆಗೆಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ. ನಿಮ್ಮ ಡಬ್ಬಿಯಲ್ಲಿ ಕಲಬೆರಕೆ ಇದೆ ಅಂತ ನಾನು ಹೇಳುತ್ತಿಲ್ಲ. ಅದನ್ನು ಕಣ್ಣಿನಿಂದ, ನಾಲಿಗೆಯಿಂದ ಕಂಡುಹಿಡಿಯಲು ಆಗುವುದಿಲ್ಲ ಅಷ್ಟೇ.

ಈಗ ನಿಮ್ಮ ತಂದೆಯವರ ಪ್ರಶ್ನೆ. ಇಂಗ್ಲಿಷ್ ಮಾತ್ರೆ ಕಂಪನಿಯವರೇನು ಧರ್ಮಕ್ಕೆ ಕೊಡ್ತಾರಾ? ಇಲ್ಲ. ನನಗೆ ಈ ಪ್ರಶ್ನೆ ಇಷ್ಟವಾಯಿತು. ಇದೇ ಅನುಮಾನವನ್ನು ಪುಡಿಯವರ ಮೇಲೂ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ರೋಸಿಗ್ಲಿಟಜೋನ್ ಅಂತ ಒಂದು ಶುಗರ್ ಮಾತ್ರೆ ಇತ್ತು. ದೊಡ್ಡ ಕಂಪನಿಯದು, ಜೋರಾಗಿ ಮಾರಾಟವಾಯಿತು. ಅದು ಶುಗರ್ ಇಳಿಸುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲ ಪ್ರಯೋಗಗಳ ಲೆಕ್ಕ ಕೂಡಿ ನೋಡಿದಾಗ ಹೃದಯಾಘಾತ ಜಾಸ್ತಿ ಮಾಡುತ್ತಿದೆಯೇನೋ ಎನ್ನುವ ಪ್ರಶ್ನೆ 2007ರಲ್ಲಿ ಎದ್ದಿತು. 2010ರಲ್ಲಿ ಯುರೋಪ್ ಅದನ್ನು ನಿಲ್ಲಿಸಿತು, ಭಾರತವೂ ನಿಷೇಧಿಸಿತು. ಅಮೆರಿಕ ಬಿಗಿ ಮಾಡಿ, 2013ರಲ್ಲಿ ಸಡಿಲಿಸಿತು. ತಜ್ಞರು ಬಹಿರಂಗವಾಗಿ ಜಗಳವಾಡಿದರು. ಇಂಗ್ಲಿಷ್ ಔಷಧಿ ತಪ್ಪೇ ಮಾಡುವುದಿಲ್ಲ ಅಂತ ನಾನು ಹೇಳಲಾರೆ. ತಪ್ಪು ಹಿಡಿಯಲು ಲೆಕ್ಕ ಇಟ್ಟಿದ್ದರು, ಅದಕ್ಕೇ ಸಿಕ್ಕಿಬಿತ್ತು. ನಿಮ್ಮ ಡಬ್ಬಿಯ ಪುಡಿಯಿಂದ ಯಾರಿಗಾದರೂ ಹೃದಯಾಘಾತ ಆಗಿದ್ದರೆ ಅದನ್ನು ಬರೆದುಕೊಳ್ಳುವ ಪುಸ್ತಕ ಎಲ್ಲಿದೆ?

ಅದೇ ಮೆಟ್‌ಫಾರ್ಮಿನ್ ಕಥೆ ಬೇರೆ. ಬ್ರಿಟನ್ನಿನಲ್ಲಿ 1977ರಲ್ಲಿ ಒಂದು ಅಧ್ಯಯನ ಶುರುವಾಯಿತು. 5,102 ಶುಗರ್ ರೋಗಿಗಳು ಅದರಲ್ಲಿ ಸೇರಿದರು. ಮುಖ್ಯ ಫಲಿತಾಂಶ ಬಂದದ್ದು 1998ರಲ್ಲಿ. ದಪ್ಪಗಿದ್ದ ರೋಗಿಗಳಲ್ಲಿ ಮೆಟ್‌ಫಾರ್ಮಿನ್ ಕೊಟ್ಟವರಲ್ಲಿ ಸಾವು, ಹೃದಯಾಘಾತ ಕಮ್ಮಿ ಇತ್ತು. ಬರೀ ಅಂಕಿ ಇಳಿಯಲಿಲ್ಲ, ಜನ ಉಳಿದರು. ಇನ್ನೂ ಒಂದು ಮಜಾ ಇದೆ, ನಿಮ್ಮ ತಂದೆಯವರಿಗೆ ಹೇಳಿ. ಮೆಟ್‌ಫಾರ್ಮಿನ್‌ನ ಮೂಲ ಒಂದು ಗಿಡ. ಗಲೀಗಾ ಅಂತ ಯುರೋಪಿನ ಗಿಡ, ನೀಲಿ ಹೂ ಬಿಡುತ್ತದೆ, ಹಳೆಯ ಕಾಲದ ಮನೆಮದ್ದು. ಅದರಲ್ಲಿರುವ ವಸ್ತು ಶುಗರ್ ಇಳಿಸುತ್ತದೆ, ಆದರೆ ವಿಷ. ಅದರ ಜಾಡು ಹಿಡಿದು ಹೋದವರು ವಿಷ ಕಮ್ಮಿ ಇರುವ ಸಂಬಂಧಿ ವಸ್ತುಗಳನ್ನು ಲ್ಯಾಬಿನಲ್ಲಿ ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಮೆಟ್‌ಫಾರ್ಮಿನ್ನನ್ನು ಶುಗರ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಈಗ ಒಂದು ಮಾತ್ರೆಗೆ ಎರಡು ಮೂರು ರೂಪಾಯಿ. ನಿಮ್ಮ ಪುಡಿಗೆ ದಿನಕ್ಕೆ 40 ರೂಪಾಯಿ ಬೀಳುತ್ತಿದೆ.

ವಿಡಿಯೊದವರು 'ರಿವರ್ಸ್', ಅಂದರೆ ಬಂದ ಶುಗರ್ ಹಿಂದಕ್ಕೆ ಹೋಗುತ್ತದೆ, ಅನ್ನುವ ಪದ ಬಳಸಿರಬೇಕು. ಆ ಪದ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಬ್ರಿಟನ್ನಿನ ಡೈರೆಕ್ಟ್ ಎನ್ನುವ ಪ್ರಯೋಗದಲ್ಲಿ, ಶುಗರ್ ಬಂದು ಆರು ವರ್ಷದೊಳಗಿನವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷಕ್ಕೆ ಶೇ 46 ಜನರ ಶುಗರ್ ಮಾತ್ರೆ ಇಲ್ಲದೆ ಹತೋಟಿಗೆ ಬಂತು. ಹೋಲಿಕೆಗೆ ಇಟ್ಟ ಗುಂಪಿನಲ್ಲಿ ಶೇ 4. ಇದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲಸ ಮಾಡಿದ್ದು ತೂಕ ಇಳಿದದ್ದು. ಮಾತ್ರೆ ನಿಲ್ಲಿಸಿದ್ದೂ ವೈದ್ಯರ ಕಣ್ಗಾವಲಿನಲ್ಲಿ. ಪುಡಿಯವರು ಆ ಪದವನ್ನು ಎತ್ತಿಕೊಂಡು ಬಂದು ಡಬ್ಬಿಗೆ ಅಂಟಿಸಿದರು.

ಕಾನೂನು ಇದೆಯಾ ಅಂದರೆ ಇದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಶುಗರ್ ಕಾಯಿಲೆಯೂ ಇದೆ. ಅದನ್ನು ಗುಣಪಡಿಸುವ ಔಷಧಿ ಅಂತ ಜಾಹೀರಾತು ಕೊಡುವುದೇ ಅಪರಾಧ. ಆಹಾರ ಅಂತ ಮಾರಿ 'ಕಾಯಿಲೆ ವಾಸಿ' ಅನ್ನುವುದಕ್ಕೂ ಆಹಾರ ಸುರಕ್ಷತೆ ಕಾನೂನು ಬಿಡುವುದಿಲ್ಲ. ಜಾರಿ ಹೇಗಿದೆ ಅನ್ನುವುದು ನಿಮ್ಮ ಫೋನ್ ತೆರೆದರೆ ಗೊತ್ತಾಗುತ್ತದೆ. ಆದರೂ ವಿಡಿಯೊದ ಸ್ಕ್ರೀನ್‌ಶಾಟ್, ಬಿಲ್ಲು, ಡಬ್ಬಿಯ ಬ್ಯಾಚ್ ನಂಬರು ಇಟ್ಟುಕೊಳ್ಳಿ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915. ಮೈಗೆ ಏನಾದರೂ ತೊಂದರೆ ಆದರೆ ಔಷಧಿಗಳ ಅಡ್ಡ ಪರಿಣಾಮ ತಿಳಿಸುವ ಉಚಿತ ನಂಬರು 1800-180-3024.

ಮನೆಯಲ್ಲಿ ಜಗಳ ಬೇಡ. ತಂದೆಯವರು ನಿಜಕ್ಕೂ ಒಂದು ಒಳ್ಳೇ ಕೆಲಸ ಮಾಡಿದ್ದಾರೆ: ನಡೆಯುತ್ತಿದ್ದಾರೆ, ಸಕ್ಕರೆ ಬಿಟ್ಟಿದ್ದಾರೆ. ಅದನ್ನು ಮೊದಲು ಮೆಚ್ಚಿಕೊಳ್ಳಿ. ಆಮೇಲೆ ಒಂದು ಪಂದ್ಯ ಕಟ್ಟಿ. ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ, ಮುಚ್ಚಿಡಬೇಡಿ. ಎಚ್‌ಬಿಎ1ಸಿ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಿ, ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಡಿಗೆ ಇರಲಿ. ರಾತ್ರಿ ಊಟದ ಪಥ್ಯ ಇರಲಿ. ಮಾತ್ರೆ ಡಾಕ್ಟರು ಹೇಳಿದ ಹಾಗೆ ಇರಲಿ. ಪುಡಿ ಒಂದನ್ನು ಮಾತ್ರ ಬಿಡಲಿ. ವಾರಕ್ಕೆ ಎರಡು ದಿನ, ಒಂದೇ ಹೊತ್ತಿಗೆ, ಕೈ ತೊಳೆದು ಶುಗರ್ ನೋಡಿ. ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ಎಚ್‌ಬಿಎ1ಸಿ.

ಅಂಕಿ ಹಾಗೇ ಇದ್ದರೆ, ಇಲ್ಲವೇ ಇನ್ನೂ ಇಳಿದರೆ, ಇಳಿಸಿದ್ದು ಯಾರು ಅಂತ ನೋಟ್‌ಬುಕ್ಕೇ ಅವರಿಗೆ ಹೇಳುತ್ತದೆ. ಪುಡಿ ಬಿಟ್ಟ ವಾರದಲ್ಲೇ ಶುಗರ್ ಜಿಗಿದರೆ, 'ನೋಡು, ನಾನು ಹೇಳಲಿಲ್ವಾ' ಅಂತ ಅವರು ಗೆದ್ದ ಹಾಗೆ ಕಾಣುತ್ತದೆ. ಆಗ ಡಬ್ಬಿಯನ್ನು ಎಸೆಯಬೇಡಿ. ಉಳಿದ ಪುಡಿಯ ಜೊತೆ ಡಾಕ್ಟರ ಹತ್ತಿರ ಮತ್ತೆ ಹೋಗಿ. ಅದರೊಳಗೆ ಏನಿದೆ ಅಂತ ಪತ್ತೆ ಮಾಡುವ ಕೆಲಸ ಆಗ ಶುರುವಾಗುತ್ತದೆ.